ಒಂದು ಪದಕ್ಕೆ ನಾಲ್ಕು ಸಂಜೆ: ಧಾರವಾಡದ ಒಂದು ಇಂಗ್ಲಿಷ್ ತರಗತಿ

ಧಾರವಾಡದ ಸಪ್ತಾಪುರದ ಒಳರಸ್ತೆಯೊಂದರಲ್ಲಿ, ಹಂಚಿನ ಮನೆಯ ಪಡಸಾಲೆಯಲ್ಲಿ, ವಾರಕ್ಕೆ ಎರಡು ಸಂಜೆ ಇಂಗ್ಲಿಷ್ ತರಗತಿಯೊಂದು ನಡೆಯುತ್ತದೆ. ಅದಕ್ಕೆ ಹೆಸರೂ ಇಲ್ಲ, ಫಲಕವೂ ಇಲ್ಲ. ನಡೆಸುವವರು ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ಕಲಿಯಲು ಬರುವ ಹದಿನಾಲ್ಕು ಮಂದಿಯೂ ಅವರನ್ನು ಅಕ್ಕೋರು ಎಂದೇ ಕರೆಯುತ್ತೇವೆ, ತಮ್ಮ ಹೆಸರನ್ನು ಎಲ್ಲಿಯೂ ಬರೆಯಬಾರದೆಂದು ಅವರೇ ಕೇಳಿಕೊಂಡಿರುವುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಆರು ವಾರ, ಹನ್ನೆರಡು ತರಗತಿ, ಪ್ರತಿ ತರಗತಿ ಒಂದೂವರೆ ಗಂಟೆ, ಶುಲ್ಕ 1,200 ರೂಪಾಯಿ. ಕಳೆದ ತಿಂಗಳು ನನ್ನ ಆರು ವಾರ ಮುಗಿದವು. ಹನ್ನೆರಡರಲ್ಲಿ ನಾಲ್ಕು ಸಂಜೆಗಳನ್ನು ಅಕ್ಕೋರು 'ಸೆಟ್' ಎಂಬ ಒಂದೇ ಪದಕ್ಕೆ ಕೊಟ್ಟರು. ಈ ವಿಮರ್ಶೆಯಲ್ಲಿ ಹೆಚ್ಚಿನ ಪಾಲು ಆ ನಾಲ್ಕು ಸಂಜೆಗಳದ್ದೇ, ಏಕೆಂದರೆ ನಾನು ಆ ತರಗತಿಗೆ ಹೋಗುವಂತಾದದ್ದೂ ಆ ಪದದಿಂದಲೇ.

ನಾನು ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಮಾರುವ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಕಂಪನಿಗಳಿಂದ ಇಂಗ್ಲಿಷಿನಲ್ಲಿ ಬರುವ ಸೂಚನಾ ಪುಸ್ತಕಗಳಿಂದ ಮುಖ್ಯ ಭಾಗಗಳನ್ನು ಆರಿಸಿ, ರೈತರಿಗೆ ಕೊಡಲು ಎರಡು ಪುಟದ ಕನ್ನಡ ಹಾಳೆ ಸಿದ್ಧಪಡಿಸುವ ಕೆಲಸವೂ ನನ್ನದೇ. ಎರಡು ವರ್ಷದ ಹಿಂದೆ ಅಂಥ ಒಂದು ಹಾಳೆಯಲ್ಲಿ, ಅಡಿಪಾಯದ ಬೋಲ್ಟುಗಳ ಸುತ್ತ ಸುರಿದ ಸಿಮೆಂಟ್ ಗಾರೆ 'ಸೆಟ್' ಆದ ಮೇಲೆಯೇ ನಟ್ಟುಗಳನ್ನು ಬಿಗಿಯಬೇಕು ಎಂಬ ಇಂಗ್ಲಿಷ್ ವಾಕ್ಯವನ್ನು ನಾನು 'ಗಾರೆಯ ಜೋಡಣೆ ಮುಗಿದ ನಂತರ ನಟ್ಟು ಬಿಗಿಯಿರಿ' ಎಂದು ಬರೆದಿದ್ದೆ. ವರದಾ ನದಿಯ ದಂಡೆಯಲ್ಲಿ ಹೊಲವಿರುವ ಹಾವೇರಿ ಕಡೆಯ ರೈತರೊಬ್ಬರು ಗಾರೆ ಸುರಿದು ಮುಗಿಸಿದ್ದನ್ನೇ ಜೋಡಣೆ ಮುಗಿದದ್ದೆಂದು ತಿಳಿದು, ಅದೇ ಗಳಿಗೆಯಲ್ಲಿ ನಟ್ಟು ಬಿಗಿದು, ಸಂಜೆಯೊಳಗೆ ಮೋಟರನ್ನೂ ಚಾಲೂ ಮಾಡಿದರು. ಬೋಲ್ಟುಗಳು ಕಿತ್ತು ಬಂದವು, ಪಂಪು ಅಲುಗಾಡಿ ಕೊಳವೆಯ ಜೋಡು ಬಿರಿಯಿತು. ಅವರು ಅಂಗಡಿಗೆ ಬಂದು ಜಗಳ ಮಾಡಲಿಲ್ಲ. ನಾನು ಬರೆದ ಹಾಳೆಯನ್ನು ಮಡಿಕೆ ಬಿಚ್ಚಿ ನನ್ನ ಮುಂದಿಟ್ಟು, "ನೀವು ಬರದಂಗs ಮಾಡೇನ್ರಿ" ಎಂದಷ್ಟೇ ಹೇಳಿದರು. ಆ ಮಾತು ಇಂದಿಗೂ ನನ್ನ ಎದೆಯಲ್ಲಿದೆ.

ಅದಾದ ಮೇಲೆ ನಾನು ಮೊದಲು ಸೇರಿದ್ದು ದೊಡ್ಡ ತರಬೇತಿ ಕೇಂದ್ರವೊಂದಕ್ಕೆ. ಅಲ್ಲಿ ಮೂರು ಸಾವಿರ ಪದಗಳ ಪಟ್ಟಿ ಕೊಟ್ಟು, ಪ್ರತಿ ಇಂಗ್ಲಿಷ್ ಪದದ ಎದುರಿಗೆ ಒಂದೇ ಒಂದು ಕನ್ನಡ ಪದ ಬರೆದು, ದಿನಕ್ಕೆ ಐವತ್ತರಂತೆ ಬಾಯಿಪಾಠ ಮಾಡಿಸಿದರು. 'ಸೆಟ್' ಎಂಬುದರ ಎದುರಿಗೆ 'ಜೋಡಿಸು' ಎಂದೇ ಇತ್ತು. ನನ್ನನ್ನು ದಾರಿ ತಪ್ಪಿಸಿದ್ದ ಅದೇ ಪದವನ್ನು ನಾನು ಹಣ ಕೊಟ್ಟು ಇನ್ನೊಮ್ಮೆ ಕಲಿತಂತಾಯಿತು. ಅಕ್ಕೋರ ತರಗತಿಯ ಬಗ್ಗೆ ಹೇಳಿದವರು ನಮ್ಮ ಅಂಗಡಿಗೆ ಬರುವ ಎಲೆಕ್ಟ್ರಿಷಿಯನ್ ಒಬ್ಬರು. ಹೊಸೂರಿನಲ್ಲಿ ಚಿಗರಿ ಬಸ್ ಹತ್ತಿ ಜುಬಿಲಿ ವೃತ್ತದಲ್ಲಿ ಇಳಿದು, ಅಲ್ಲಿಂದ ಆಟೋ ಹಿಡಿದರೆ ಕೆಲಸ ಮುಗಿಸಿಕೊಂಡೂ ಏಳು ಗಂಟೆಯ ತರಗತಿಗೆ ತಲುಪಬಹುದು. ಮರಳಿ ಮನೆ ಸೇರಲು ಹತ್ತು ಗಂಟೆಯಾಗುತ್ತದೆ ಎಂಬುದನ್ನು ಹುಬ್ಬಳ್ಳಿಯವರು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಮೊದಲ ಸಂಜೆ ಅಕ್ಕೋರು ಹಲಗೆಯ ಮೇಲೆ ಆ ಪದ ಬರೆದು, ಅರ್ಥ ಹೇಳದೆ, ಹಿಂದಿನ ಎರಡು ದಿನಗಳಲ್ಲಿ ಅದನ್ನು ನಾವು ಎಲ್ಲೆಲ್ಲಿ ಕೇಳಿದ್ದೇವೆ ಎಂದು ಒಬ್ಬೊಬ್ಬರನ್ನೇ ಕೇಳಿದರು. ಹೋಟೆಲಿನ ಸೆಟ್ ದೋಸೆ, ಚಹಾದ ಸೆಟ್, ಪಂಪ್‌ಸೆಟ್, ಟಿವಿ ಸೆಟ್, ನಾಟಕ ಕಂಪನಿಯ ಸೆಟ್, ಟೆನಿಸ್ಸಿನ ಸೆಟ್, ಗಡಿಯಾರಕ್ಕೆ ಅಲಾರಂ ಸೆಟ್ ಮಾಡುವುದು ಹೀಗೆ ಹಲಗೆ ತುಂಬಿತು. ಸಪ್ತಾಪುರದ ಗೋಡೆಗೋಡೆಯ ಮೇಲೆ ಕಾಣುವ ಕೆ-ಸೆಟ್ ಎಂಬುದನ್ನು ಮಾತ್ರ ಅವರು ಅಳಿಸಿದರು, ಏಕೆಂದರೆ ಅದು ಪರೀಕ್ಷೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ್ದು, ಈ ಪದವಲ್ಲ. 'ಅವನ ಜೋಡಿ ನನಗ ಸೆಟ್ ಆಗಂಗಿಲ್ಲ' ಎಂಬ ನಮ್ಮ ದಿನನಿತ್ಯದ ಮಾತನ್ನು ಬೇರೆಯೇ ಮೂಲೆಯಲ್ಲಿ ಬರೆದು ಸುತ್ತ ಗೆರೆ ಹಾಕಿದರು. ಇಬ್ಬರ ಮನಸ್ಸು ಹೊಂದುವುದಕ್ಕೆ ಇಂಗ್ಲಿಷಿನವರು ಈ ಪದವನ್ನು ಹೀಗೆ ಬಳಸುವುದಿಲ್ಲ, ಅದು ಇಲ್ಲಿಗೆ ಬಂದ ಮೇಲೆ ನಾವು ಕೊಟ್ಟ ಅರ್ಥ ಎಂದು ಅವರು ವಿವರಿಸಿದಾಗ, ನನಗೆ ಗೊತ್ತಿದೆ ಎಂದುಕೊಂಡಿದ್ದ ಪದಗಳ ಮೇಲೆಯೇ ಮೊದಲ ಸಲ ಅನುಮಾನ ಹುಟ್ಟಿತು.

ಅದೇ ಸಂಜೆ ಪದದ ಗಾತ್ರದ ಅಂದಾಜನ್ನೂ ಕೊಟ್ಟರು. 20 ಸಂಪುಟಗಳ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989 ರ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ಈ ಕ್ರಿಯಾಪದದ್ದು. 430ಕ್ಕೂ ಹೆಚ್ಚು ಅರ್ಥಗಳು, ವಿವರಣೆಗೆ ಸುಮಾರು 60,000 ಪದಗಳು. ಮುಂದೆ ಅದೇ ನಿಘಂಟನ್ನು ಪರಿಷ್ಕರಿಸುವಾಗ 'ರನ್' ಎಂಬ ಕ್ರಿಯಾಪದ 645 ಅರ್ಥಗಳೊಂದಿಗೆ ಇದನ್ನೂ ಮೀರಿಸಿತು. 1894 ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಕ್ಕೋರ ಮೇಜಿನ ಮೇಲೆ ಸದಾ ಇರುತ್ತದೆ, ಮತ್ತು ಅದನ್ನು ಅವರು ಹಿಂದುಮುಂದಾಗಿ ಬಳಸುವ ಕ್ರಮ ನನಗೆ ಹೊಸದು: ಕನ್ನಡದ ಪದವೊಂದನ್ನು ತೆಗೆದು, ಅದರ ಮುಂದೆ ಇಂಗ್ಲಿಷಿನ ಎಷ್ಟು ಬೇರೆ ಬೇರೆ ಪದಗಳಿವೆ ನೋಡಿರಿ ಎಂದು ತೋರಿಸುತ್ತಾರೆ. ಒಂದು ಭಾಷೆಯ ಒಂದು ಪದಕ್ಕೆ ಇನ್ನೊಂದು ಭಾಷೆಯ ಒಂದೇ ಪದ ಸರಿಹೊಂದಬೇಕೆಂಬ ನನ್ನ ಹಟ ಅಲ್ಲಿಂದಲೇ ಸಡಿಲವಾಗತೊಡಗಿತು.

ಎರಡನೆಯ ಸಂಜೆ ಈ ಇಡೀ ತರಗತಿಯ ಅತ್ಯುತ್ತಮ ಸಂಜೆ. ಹಳೆಯ ಇಂಗ್ಲಿಷಿನಲ್ಲಿ 'ಸಿಟ್ಟನ್' ಎಂದರೆ ಕುಳಿತುಕೊಳ್ಳುವುದು, 'ಸೆಟ್ಟನ್' ಎಂದರೆ ಕುಳ್ಳಿರಿಸುವುದು. ಇಂದಿನ 'ಸಿಟ್' ಮತ್ತು 'ಸೆಟ್' ಅವುಗಳ ಮಕ್ಕಳು. ತಾನೇ ಬೀಳುವುದಕ್ಕೆ 'ಫಾಲ್', ಮರವನ್ನು ಕಡಿದು ಬೀಳಿಸುವುದಕ್ಕೆ 'ಫೆಲ್'; ತಾನು ಮಲಗುವುದಕ್ಕೆ 'ಲೈ', ಇನ್ನೊಂದನ್ನು ಮಲಗಿಸುವುದಕ್ಕೆ 'ಲೇ'. ಕನ್ನಡದಲ್ಲಿ ಇಸು ಪ್ರತ್ಯಯ ಹಚ್ಚಿ ನಾವು ಮಾಡುವ ಕೆಲಸವನ್ನು ಇಂಗ್ಲಿಷು ಕೆಲವೆಡೆ ಪದದೊಳಗಿನ ಸ್ವರ ಬದಲಿಸಿ ಮಾಡುತ್ತದೆ. ಹಾಗಾದರೆ 'ಸೆಟ್' ಎಂಬುದಕ್ಕೆ ನಮ್ಮ ಭಾಗದ ಮಾತು ಯಾವುದು ಎಂದು ಅಕ್ಕೋರು ಕೇಳಿದರು. ಹಿಂದಿನ ಸಾಲಿನಲ್ಲಿದ್ದ ಅಕ್ಕಸಾಲಿಗ ಯುವಕನೊಬ್ಬ, "ಕೂಡ್ರಸೂದು ಅಲ್ರೀ? ನಾವು ಉಂಗುರದಾಗ ಹರಳು ಕೂಡ್ರಸ್ತೀವಲ್ಲ, ಅದ" ಎಂದ.

ಅಲ್ಲಿಂದ ಅರ್ಧ ಗಂಟೆ ಯಾರೂ ಗಡಿಯಾರ ನೋಡಲಿಲ್ಲ. ಇಂಗ್ಲಿಷಿನಲ್ಲಿ ಉಂಗುರಕ್ಕೆ ಹರಳನ್ನು ಸೆಟ್ ಮಾಡುತ್ತಾರೆ, ನಮ್ಮಲ್ಲಿ ಕೂಡ್ರಿಸುತ್ತಾರೆ. ಮುರಿದ ಎಲುಬನ್ನು ಅವರು ಸೆಟ್ ಮಾಡುತ್ತಾರೆ, ನಮ್ಮ ಹಿರಿಯರೂ ಎಲುಬನ್ನು ಕೂಡ್ರಿಸುತ್ತಿದ್ದರು. ಭಾದ್ರಪದದಲ್ಲಿ ಹುಬ್ಬಳ್ಳಿಯ ಓಣಿಓಣಿಯಲ್ಲಿ ಗಣಪತಿಯನ್ನು ಕೂಡ್ರಿಸುತ್ತೇವೆ. ಮಂಟಪ ಕಟ್ಟಿ, ಮೂರ್ತಿಯನ್ನು ಅದಕ್ಕೆಂದೇ ಇರುವ ಜಾಗದಲ್ಲಿ ನೆಲೆಗೊಳಿಸುವ ಆ ಕ್ರಿಯೆಯಲ್ಲಿ ಈ ಇಂಗ್ಲಿಷ್ ಪದದ ಮೂಲ ಅರ್ಥ ಪೂರ್ತಿಯಾಗಿ ಇದೆ. ಕೊಳವೆಬಾವಿಗೆ ಪಂಪು ಇಳಿಸುವವರು ಸೆಟ್ಟಿಂಗ್ ಎಷ್ಟು ಅಡಿ ಎಂದು ಕೇಳುವುದು ಪಂಪನ್ನು ಯಾವ ಆಳದಲ್ಲಿ ಕೂಡ್ರಿಸಬೇಕು ಎಂಬುದನ್ನೇ. ಹದಿನೈದು ವರ್ಷ ದಿನಕ್ಕೆ ಹತ್ತು ಸಲ ಆ ಮಾತು ಕೇಳಿಯೂ ಅದು ನನಗೆ ಹೊಳೆದಿರಲಿಲ್ಲ.

ಗುಂಪು ಎಂಬ ಅರ್ಥ ಬಂದ ದಾರಿ ಬೇರೆ. ಅದರಲ್ಲಿ ಲ್ಯಾಟಿನ್ನಿನ 'ಸೆಕ್ಟಾ' ಎಂಬ ಪದದ ಪಾಲಿದೆ. ಒಬ್ಬರನ್ನು ಹಿಂಬಾಲಿಸುವವರ ಕೂಟ, ಪಂಥ ಎಂದು ಅದರ ಅರ್ಥ, ಇಂಗ್ಲಿಷಿನ 'ಸೆಕ್ಟ್' ಕೂಡ ಅದೇ ಬೇರಿನದು. ಅದು ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದು, ಕೂಡ್ರಿಸುವ ಕ್ರಿಯಾಪದದಿಂದ ಹುಟ್ಟಿದ ನಾಮಪದದೊಡನೆ ಬೆರೆತುಹೋಯಿತು. ಚಹಾದ ಸೆಟ್, ಪಂಪು ಮತ್ತು ಮೋಟರ್ ಕೂಡಿದ ಪಂಪ್‌ಸೆಟ್, ಒಂದೇ ತಟ್ಟೆಗೆ ಬರುವ ಎರಡು ಮೂರು ಮೆತ್ತನೆಯ ದೋಸೆ, ಇವೆಲ್ಲ ಆ ಗುಂಪಿನ ಅರ್ಥದವು. ನಮ್ಮೊಡನಿದ್ದ ಗಣಿತದ ಉಪನ್ಯಾಸಕರೊಬ್ಬರು ಇಲ್ಲಿ ಸೊಗಸಾದ ಮಾತು ಸೇರಿಸಿದರು: ಗಣಿತದಲ್ಲಿ ಇದೇ ಪದಕ್ಕೆ ಕನ್ನಡದ ಪಠ್ಯಗಳು 'ಗಣ' ಎನ್ನುತ್ತವೆ, ಆದರೆ ಗಣದಲ್ಲಿ ಒಂದೇ ಅಂಶವನ್ನು ಮೂರು ಸಲ ಬರೆದರೂ ಅದು ಒಂದೇ ಎಂದು ಲೆಕ್ಕ, ದೋಸೆಯ ಸೆಟ್ಟಿನಲ್ಲಿ ಮಾತ್ರ ಮೂರಕ್ಕೆ ಮೂರೂ ಲೆಕ್ಕಕ್ಕೆ ಬರುತ್ತವೆ. ಎರಡು ಬೇರಿನಿಂದ ಬಂದು ಒಂದಾದ ಈ ಪದಕ್ಕೆ ಧಾರವಾಡದ ಕನ್ನಡದಲ್ಲಿಯೂ ಅಂಥದೇ ನೆರೆಹೊರೆಯಿದೆ ಎಂಬುದನ್ನು ಅಕ್ಕೋರು ಕೊನೆಯಲ್ಲಿ ತೋರಿಸಿದರು. ಕೂಡ್ರು ಎಂದರೆ ಕುಳಿತುಕೊಳ್ಳು, ಕೂಡು ಎಂದರೆ ಸೇರು. ಎಲುಬನ್ನು ಕೂಡ್ರಿಸಿದ ಮೇಲೆ ಎಲುಬು ಕೂಡುತ್ತದೆ.

ಮೂರನೆಯ ತರಗತಿಗೆ ಮೊದಲು ಎಲ್ಲರಿಗೂ ಒಂದು ಕೆಲಸ ಕೊಟ್ಟಿದ್ದರು. ತಂತಮ್ಮ ಕಸುಬಿನಲ್ಲಿ ಅಥವಾ ನೆರೆಯವರ ಕಸುಬಿನಲ್ಲಿ ಇಂಗ್ಲಿಷಿನವರು ಈ ಪದ ಬಳಸುವ ಜಾಗ ಗುರುತಿಸಿ, ಅಲ್ಲಿ ನಮ್ಮ ಜನ ಏನು ಹೇಳುತ್ತಾರೆ ಎಂಬುದನ್ನು ಕಿವಿಯಿಂದ ಕೇಳಿ ಬರೆದು ತರಬೇಕು, ನಿಘಂಟು ನೋಡಬಾರದು. ನಾನು ನೇರವಾಗಿ ಹೋದದ್ದು ನಮ್ಮ ಓಣಿಯಲ್ಲಿ ಮನೆ ಕಟ್ಟುತ್ತಿದ್ದ ಗೌಂಡಿಯ ಹತ್ತಿರ. ಹಿಂದಿನ ಸಂಜೆ ಹಾಕಿದ ಗಾರೆಯನ್ನು ತೋರಿಸಿ, ಇದರ ಮೇಲೆ ಭಾರ ಹೊರಿಸಬಹುದೇ ಎಂದು ಕೇಳಿದೆ. ಅವರು ಉಗುರಿನಿಂದ ಗೀರಿ ನೋಡಿ, "ಇನ್ನs ಹಿಡಿದಿಲ್ರಿ" ಎಂದರು. ನಾನು ಎರಡು ವರ್ಷ ಹುಡುಕಿದ ಪದ ಅದು. ರೈತರಿಗೆ, ಗೌಂಡಿಗೆ, ನನಗೆ, ಎಲ್ಲರಿಗೂ ಗೊತ್ತಿರುವ ಎರಡಕ್ಷರದ ಕ್ರಿಯಾಪದ.

ತರಗತಿಯಲ್ಲಿ ಇದನ್ನು ಓದಿದಾಗ ಉಳಿದವರ ಚೀಟಿಗಳಿಂದಲೂ ಅದೇ ಪದ ಎದ್ದು ಬಂತು. ಮಾವಿನ ತೋಪಿನವರೊಬ್ಬರು, ಹೂವು ಉದುರದೆ ನಿಂತು ಕಾಯಾಗುವುದಕ್ಕೆ ತೋಟಗಾರಿಕೆಯ ಇಂಗ್ಲಿಷ್ ಪುಸ್ತಕಗಳು 'ಫ್ರೂಟ್ ಸೆಟ್' ಎನ್ನುತ್ತವೆ, ನಾವು 'ಕಾಯಿ ಹಿಡಿಯಿತು' ಎನ್ನುತ್ತೇವೆ ಎಂದು ಬರೆದು ತಂದಿದ್ದರು. ಮುಂಗಾರು ನೆಲೆಯೂರುವುದಕ್ಕೆ ಇಂಗ್ಲಿಷ್ ಪತ್ರಿಕೆಗಳು ಬಳಸುವುದು 'ಸೆಟ್ ಇನ್'. ನಾವು ಅನ್ನುವುದು 'ಮಳಿ ಹಿಡೀತು'. ಬಟ್ಟೆಗೆ ಹಾಕಿದ ಬಣ್ಣ ಬಿಡದಂತೆ ನಿಲ್ಲುವುದಕ್ಕೂ ಬಣ್ಣ ಹಿಡಿಯಿತು ಎಂದೇ ಹೇಳುತ್ತೇವೆ. ಹಾಲು ಮೊಸರಾಗುವುದಕ್ಕೆ ಮಾತ್ರ ನಮ್ಮಲ್ಲಿ ಹೆಪ್ಪುಗಟ್ಟು ಎಂಬ ಬೇರೆಯೇ ಮಾತಿದೆ, ಮತ್ತು ಸೂರ್ಯನ ವಿಷಯದಲ್ಲಿ ಎರಡು ಭಾಷೆಗಳು ಪೂರ್ತಿ ಬೇರೆಯಾಗುತ್ತವೆ, ಏಕೆಂದರೆ ಅವರ ಸೂರ್ಯ ಸೆಟ್ ಆಗುತ್ತಾನೆ, ನಮ್ಮ ಹೊತ್ತು ಮುಳುಗುತ್ತದೆ. ಬಡಿಗರೊಬ್ಬರು ಹೇಳಿದ ಸಂಗತಿಯನ್ನೂ ಇಲ್ಲಿ ಬರೆಯಲೇಬೇಕು: ಗರಗಸದ ಹಲ್ಲುಗಳನ್ನು ಒಂದು ಎಡಕ್ಕೆ, ಮುಂದಿನದು ಬಲಕ್ಕೆ ಎಂಬಂತೆ ತುಸು ಬಾಗಿಸದಿದ್ದರೆ ಕೊಯ್ತದ ಸೀಳು ಕಿರಿದಾಗಿ ಅಲಗು ಕಟ್ಟಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಆ ಬಾಗಿಗೂ ಇಂಗ್ಲಿಷಿನಲ್ಲಿ 'ಸೆಟ್' ಎಂದೇ ಹೆಸರು.

ಅಕ್ಕೋರು ಈ ಎಲ್ಲವನ್ನೂ ಕೇಳಿ ಹೇಳಿದ್ದು ಇಷ್ಟು: "ಅರ್ಥ ಏನು ಅಂತ ಮೊದಲs ಕೇಳಬ್ಯಾಡ್ರಿ. ಯಾರ ಜೋಡಿ ಬಂದದ, ಅದನ್ನ ನೋಡ್ರಿ." ಗಾರೆಯ ಜೋಡಿ ಬಂದರೆ ಹಿಡಿ, ಹರಳಿನ ಜೋಡಿ ಬಂದರೆ ಕೂಡ್ರಿಸು, ಬೆಲೆಯ ಜೋಡಿ ಬಂದರೆ ನಿಗದಿಮಾಡು, ಬೆಂಕಿಯ ಜೋಡಿ ಬಂದರೆ ಹಚ್ಚು. ನಾನು ಮನೆಗೆ ಬಂದು ನಮ್ಮ ಸೂಚನಾ ಪುಸ್ತಕವೊಂದನ್ನು ಈ ಕಣ್ಣಿನಿಂದ ಓದಿದೆ. ಒಂದೇ ಪುಟದಲ್ಲಿ ಆ ಪದ ಐದು ಸಲ ಬಂದಿತ್ತು: ಪಂಪು ಮತ್ತು ಮೋಟರಿನ ಜೋಡಿ ಎಂದು ಒಮ್ಮೆ, ವಾಷರುಗಳ ಕಟ್ಟು ಎಂದು ಒಮ್ಮೆ, ಶಾಫ್ಟಿನ ಮೇಲೆ ಪುಲ್ಲಿ ಜರುಗದಂತೆ ತಡೆಯುವ ಸ್ಕ್ರೂವಿನ ಹೆಸರಿನಲ್ಲಿ ಒಮ್ಮೆ, ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಮೋಟರಿನ ಫಲಕದಲ್ಲಿ ಬರೆದ ಆಂಪಿಯರಿಗೆ ಹೊಂದಿಸುವ ಸೂಚನೆಯಲ್ಲಿ ಒಮ್ಮೆ, ಕೊನೆಗೆ ಗಾರೆಯ ವಿಷಯದಲ್ಲಿ ಒಮ್ಮೆ. ನನ್ನ ಹಳೆಯ ಹಾಳೆಯಲ್ಲಿ ಈ ಐದರಲ್ಲಿ ನಾಲ್ಕು ಕಡೆ 'ಜೋಡಣೆ' ಎಂದಿತ್ತು.

ಮೊಬೈಲಿನಲ್ಲಿರುವ ಅನುವಾದ ಸೌಲಭ್ಯ ಸಾಕಲ್ಲವೇ ಎಂದು ನನ್ನನ್ನು ಹಲವರು ಕೇಳಿದ್ದಾರೆ. ಪೂರ್ತಿ ವಾಕ್ಯ ಕೊಟ್ಟರೆ ಅದು ಬಹುಪಾಲು ಸರಿಯಾದ ಅರ್ಥದ ಹತ್ತಿರ ಬರುತ್ತದೆ. ಅದು ಎಲ್ಲಿ ತಪ್ಪಿತು ಎಂಬುದನ್ನು ಗುರುತಿಸುವುದಕ್ಕೆ ಮಾತ್ರ ಓದುವವರಿಗೇ ಈ ತಿಳಿವಳಿಕೆ ಬೇಕು.

ನಾಲ್ಕನೆಯ ಸಂಜೆಯ ಬಗ್ಗೆ ನನ್ನ ಮೆಚ್ಚುಗೆ ಕಡಿಮೆ. ಈ ಪದಕ್ಕೆ 'ಅಪ್', 'ಆಫ್', 'ಔಟ್', 'ಬ್ಯಾಕ್', 'ಅಬೌಟ್', 'ಅಸೈಡ್' ಮುಂತಾದ ಬಾಲಗಳು ಹತ್ತಿದಾಗ ಆಗುವ ಬದಲಾವಣೆಯೇ ಒಂದು ದೊಡ್ಡ ವಿಷಯ. ಅದನ್ನೆಲ್ಲ ತೊಂಬತ್ತು ನಿಮಿಷಗಳಲ್ಲಿ ಓಡಿಸಿದ್ದರಿಂದ ಅರ್ಧ ನನ್ನ ಕೈಗೆ ಸಿಗಲಿಲ್ಲ. ಚೆನ್ನಾಗಿ ನೆನಪುಳಿದದ್ದು ಒಂದೇ. ಧಾರವಾಡದ ಹೈಕೋರ್ಟ್ ಪೀಠದಲ್ಲಿ ಕೆಲಸ ಮಾಡುವ ವಕೀಲರೊಬ್ಬರ ಗುಮಾಸ್ತರು ನಮ್ಮೊಡನೆ ಇದ್ದರು. 'ಸೆಟ್ ಅಸೈಡ್' ಎಂಬುದು ಹಣದ ಜೋಡಿ ಬಂದರೆ ಮುಂದಿನ ಖರ್ಚಿಗೆಂದು ತೆಗೆದಿರಿಸುವುದು, ಕೆಳಗಿನ ನ್ಯಾಯಾಲಯದ ಆದೇಶದ ಜೋಡಿ ಬಂದರೆ ರದ್ದುಪಡಿಸುವುದು ಎಂದು ಅವರು ವಿವರಿಸಿದರು. ಒಂದು ಕಡೆ ಕಾಪಾಡುವುದು, ಇನ್ನೊಂದು ಕಡೆ ಇಲ್ಲವಾಗಿಸುವುದು. ಕಕ್ಷಿದಾರರಿಗೆ ಆದೇಶವನ್ನು 'ಬದಿಗಿಟ್ಟಿದ್ದಾರೆ' ಎಂದು ಹೇಳಿದರೆ, ಮತ್ತೆ ಯಾವಾಗ ತೆಗೆಯುತ್ತಾರೆ ಎಂದು ಅವರು ಕೇಳುತ್ತಾರಂತೆ.

ಇನ್ನೊಂದು ಕೊರತೆಯನ್ನು ಅಕ್ಕೋರಿಗೇ ನೇರವಾಗಿ ಹೇಳಿದ್ದೇನೆ, ಆದ್ದರಿಂದ ಇಲ್ಲಿ ಬರೆಯಲು ಸಂಕೋಚವಿಲ್ಲ. ಈ ಕ್ರಿಯಾಪದ ಭೂತಕಾಲದಲ್ಲಿಯೂ ರೂಪ ಬದಲಿಸುವುದಿಲ್ಲ. ಇಂದು ಮಾಡುವುದೂ 'ಸೆಟ್', ನಿನ್ನೆ ಮಾಡಿದ್ದೂ 'ಸೆಟ್'. ಕೆಲಸ ಮುಗಿದಿದೆಯೋ ಮುಗಿಸಬೇಕೋ ಎಂಬುದು ನನ್ನಂಥವರಿಗೆ ದೊಡ್ಡ ಪ್ರಶ್ನೆ, ಏಕೆಂದರೆ ಕಂಪನಿಯಿಂದಲೇ ಹೊಂದಿಸಿ ಬಂದಿರುವ ರಿಲೇಯನ್ನು ರೈತರು ಮತ್ತೆ ತಿರುಗಿಸಿದರೆ ಮೋಟರಿಗೆ ಅಪಾಯ. ಈ ವಿಷಯಕ್ಕೆ ಸಿಕ್ಕದ್ದು ಹತ್ತೇ ನಿಮಿಷ. ಕೈಬರಹದ ಟಿಪ್ಪಣಿಗಳ ಜೆರಾಕ್ಸ್ ಪ್ರತಿಗಳಲ್ಲಿ ಅಕ್ಷರ ಬಹಳ ಸಣ್ಣದು. ನಲವತ್ತು ದಾಟಿದವರು ಕನ್ನಡಕ ಮರೆಯಬಾರದು. ಮಾತನಾಡುವ ಅಭ್ಯಾಸ ಇಲ್ಲಿ ಇಲ್ಲವೇ ಇಲ್ಲ ಎನ್ನಬಹುದು, ಹೀಗಾಗಿ ಸಂದರ್ಶನಕ್ಕೆ ಸಿದ್ಧರಾಗುವವರಿಗೂ, ಸ್ಪರ್ಧಾತ್ಮಕ ಪರೀಕ್ಷೆಗೆ ಕಡಿಮೆ ಸಮಯದಲ್ಲಿ ಹೆಚ್ಚು ಪದ ಬೇಕೆನ್ನುವವರಿಗೂ ಈ ತರಗತಿಯನ್ನು ಸೂಚಿಸಲಾರೆ. ಉಳಿದ ಎಂಟು ಸಂಜೆಗಳು ಪತ್ರ ಬರೆಯುವುದು, ಸುದ್ದಿ ಓದುವುದು ಮುಂತಾದವಕ್ಕೆ ಹೋದವು, ಅವು ಸಾಧಾರಣವಾಗಿದ್ದವು.

ಇಂಗ್ಲಿಷನ್ನು ಓದಿ ಕನ್ನಡದಲ್ಲಿ ಬರೆಯಬೇಕಾದವರು, ಅಂದರೆ ಕಚೇರಿಯ ಗುಮಾಸ್ತರು, ಔಷಧ ಅಂಗಡಿಯವರು, ಬೀಜ ಗೊಬ್ಬರದ ಅಂಗಡಿಯವರು, ಶಾಲೆಯ ಶಿಕ್ಷಕರು, ತಪ್ಪದೆ ಹೋಗಬೇಕು. ಹೋಗುವಾಗ ತಮ್ಮ ಕೆಲಸದ ಒಂದು ಪುಟವನ್ನು ಕೈಯಲ್ಲಿ ಹಿಡಿದು ಹೋಗಲಿ. ತಂದ ಪುಟವನ್ನು ಅಕ್ಕೋರು ತರಗತಿ ಮುಗಿದ ಮೇಲೂ ಕೂತು ಓದುತ್ತಾರೆ. ನನ್ನ ಹಾಳೆಯನ್ನು ಅವರು ಓದಿ ಒಂದೇ ಪ್ರಶ್ನೆ ಕೇಳಿದರು: ಸಿಮೆಂಟ್ ಹಿಡಿಯುವುದು ಬೇರೆ, ಗಟ್ಟಿಯಾಗಿ ಬಲ ಪಡೆಯುವುದು ಬೇರೆಯಲ್ಲವೇ? ನಾನು ಮರುದಿನ ಎಂಜಿನಿಯರ್ ಒಬ್ಬರನ್ನು ವಿಚಾರಿಸಿದೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ಹಿಡಿಯತೊಡಗಲು ಕನಿಷ್ಠ 30 ನಿಮಿಷ, ಪೂರ್ತಿ ಹಿಡಿಯಲು ಗರಿಷ್ಠ 600 ನಿಮಿಷ ಎಂದು ಭಾರತೀಯ ಮಾನಕ ಹೇಳುತ್ತದೆ. ಬಲ ಬರುವುದು ಅದಾದ ಮೇಲೆ ದಿನಗಟ್ಟಲೆ ನೀರುಣಿಸಿದಾಗ, ಅದಕ್ಕಾಗಿಯೇ ಕಾಂಕ್ರೀಟಿನ ಬಲವನ್ನು 28 ದಿನಕ್ಕೆ ಅಳೆಯುತ್ತಾರೆ.

ಹೊಸ ಹಾಳೆ ಈ ವಾರ ಅಚ್ಚಾಗಿ ಬಂದಿದೆ. ಅದರಲ್ಲಿ ಆ ಸಾಲು ಹೀಗಿದೆ: 'ಬೋಲ್ಟಿನ ಸುತ್ತ ಹಾಕಿದ ಗಾರೆ ಪೂರ್ತಿ ಹಿಡಿದು, ನೀರುಣಿಸಿ ಗಟ್ಟಿಯಾಗುವವರೆಗೆ ನಟ್ಟು ಬಿಗಿಯಬಾರದು, ಮೋಟರ್ ಚಾಲೂ ಮಾಡಬಾರದು. ಎಷ್ಟು ದಿನ ಎಂಬುದನ್ನು ಗೌಂಡಿಯನ್ನು ಕೇಳಿ ಇಲ್ಲಿ ಬರೆದುಕೊಳ್ಳಿ.' ಅದರ ಮುಂದೆ ಒಂದು ಖಾಲಿ ಚೌಕ ಬಿಟ್ಟಿದ್ದೇವೆ. ಮೊದಲ ಪ್ರತಿಯನ್ನು ವರದಾ ದಂಡೆಯ ಆ ರೈತರಿಗೆ ನಾನೇ ಒಯ್ದು ಕೊಟ್ಟು ಬಂದೆ.